ಬಾಗಿಲು ಮುಚ್ಚಿದ ನಾಲ್ಕನೇ ನಿಮಿಷಕ್ಕೆ ಊಳಿಡುವ ಕೆಂಚ

(ಆಪ್ತಸಲಹೆ ಪ್ರಕರಣ. ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಮೂವತ್ತರ ಆಸುಪಾಸಿನ ದಂಪತಿ. ಸವಿತಾ, ಹರೀಶ ಎಂದಿಟ್ಟುಕೊಳ್ಳೋಣ. ಮೈಸೂರಿನವರು, ಈಗ ಬರ್ಲಿನ್‌ನಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆ. ಜತೆಗೆ ನಾಲ್ಕು ವರ್ಷದ, 19 ಕೆಜಿ ತೂಕದ ನಾಟಿ ನಾಯಿ ಕೆಂಚ.

ವಿಡಿಯೊ ಕರೆಯಲ್ಲಿ ಮೊದಲು ಮಾತಾಡಿದ್ದು ಸವಿತಾ. "ಮೇಡಂ, ಊರಲ್ಲಿ ಇವನು ಒಂದು ದಿನಾನೂ ಹೀಗೆ ಊಳಿಟ್ಟೋನಲ್ಲ. ಇಲ್ಲಿ ನಾನು ಹಾಲು ತರೋಕೆ ಹೋಗಿ ಬರೋಷ್ಟ್ರಲ್ಲಿ ಕೆಳಗಡೆ ಮನೆಯವರು ಬಾಗಿಲ ಹತ್ರ ನಿಂತಿರ್ತಾರೆ." ಹರೀಶನ ಮಾತು ಬೇರೆ: "ಅಮ್ಮನ ಹತ್ರ ಕಳಿಸಿಬಿಡೋಣ ಅಂದ್ರೆ ಮೂರು ದಿನ ಮಾತೇ ಇರಲ್ಲ." ಅಷ್ಟರಲ್ಲಿ ಮನೆ ಮಾಲೀಕರ ಕಡೆಯಿಂದ ಆಬ್‌ಮಾನುಂಗ್, ಅಂದರೆ ಲಿಖಿತ ಎಚ್ಚರಿಕೆಯೂ ಬಂದಿತ್ತು.

ಹಳೆಯ ಫೋನೊಂದನ್ನು ಕಪಾಟಿನ ಮೇಲಿಟ್ಟು, ಹೊರಗೆ ಹೋದಾಗಿನ ಅರ್ಧ ಗಂಟೆ ಚಿತ್ರೀಕರಿಸಲು ಹೇಳಲಾಯಿತು. ಬಾಗಿಲು ಮುಚ್ಚಿದ ನಾಲ್ಕನೇ ನಿಮಿಷಕ್ಕೆ ಕೆಂಚ ಎದ್ದ. ಬಾಗಿಲಿಗೂ ಕಿಟಕಿಗೂ ಓಡಾಟ, ಏದುಸಿರು, ಊಳು, ಚೌಕಟ್ಟು ಕೆರೆಯುವುದು. ಹೊಸ್ತಿಲ ಬಳಿ ಜೊಲ್ಲಿನ ಮಡು. ಪಕ್ಕದಲ್ಲಿಟ್ಟಿದ್ದ ಚೀಸ್ ಮೂಸಿಯೂ ನೋಡಿರಲಿಲ್ಲ. ಬೇಸರವಾದ ನಾಯಿ ನಿದ್ದೆ ಮಾಡಿ ಎದ್ದು ದಿಂಬು ಹರಿಯುತ್ತದೆ, ಇಟ್ಟ ತಿಂಡಿಯನ್ನೂ ಬಿಡುವುದಿಲ್ಲ. ಹೊರಹೋಗುವ ದಾರಿಯಲ್ಲೇ ಗಲಾಟೆ, ಅದೂ ಮೊದಲ ಅರ್ಧ ಗಂಟೆಯೊಳಗೆ, ತಿಂಡಿಯ ಪರಿವೆಯೇ ಇಲ್ಲ ಎಂದರೆ ಅದು ಗಾಬರಿ. ಹಠವಲ್ಲ, ಸೇಡೂ ಅಲ್ಲ.

ಮೈಸೂರಿನ ದಿನಚರಿ ಕೇಳಿದಾಗ ಕಾರಣ ತಿಳಿಯಿತು. ಮನೆಯಲ್ಲಿ ಅತ್ತೆ, ಮಾವ, ಕೆಲಸದವರು. ಸದಾ ಯಾರಾದರೂ ಇದ್ದೇ ಇರುತ್ತಿದ್ದರು. ಕೆಂಚ ಹುಟ್ಟಿದಾಗಿನಿಂದ ಒಬ್ಬನೇ ಇದ್ದದ್ದೇ ಇಲ್ಲ. ಬರ್ಲಿನ್ ಅವನನ್ನು ಕೆಡಿಸಿಲ್ಲ, ಕಲಿಯದೇ ಇದ್ದ ಪಾಠದ ಪರೀಕ್ಷೆ ಅಲ್ಲಿ ಬಂತು, ಅಷ್ಟೆ.

ದಂಪತಿಯ ಜಗಳದ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಐರೋಪ್ಯ ಒಕ್ಕೂಟಕ್ಕೆ ಭಾರತದಿಂದ ನಾಯಿ ಒಯ್ಯಲು ಮೊದಲು ಮೈಕ್ರೋಚಿಪ್ (ಚರ್ಮದಡಿ ಕೂರಿಸುವ ಗುರುತಿನ ಚಿಪ್), ನಂತರ ರೇಬಿಸ್ ಲಸಿಕೆ. ಲಸಿಕೆಯಾಗಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆದು ಒಕ್ಕೂಟದ ಮಾನ್ಯತೆಯಿರುವ ಲ್ಯಾಬಿಗೆ ಕಳಿಸಬೇಕು. ಲಸಿಕೆಯಿಂದ ರಕ್ತದಲ್ಲಿ ಹುಟ್ಟುವ ಪ್ರತಿಕಾಯ ಮಿಲಿಲೀಟರಿಗೆ ಕನಿಷ್ಠ 0.5 ಐಯು (ಅಂತರರಾಷ್ಟ್ರೀಯ ಘಟಕ) ಇರಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಕೊನೆಗೆ ಸರ್ಕಾರಿ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ, ಅದೂ ಪ್ರವೇಶಕ್ಕೆ ಮುಂಚಿನ 10 ದಿನಗಳೊಳಗೆ. ಕೆಂಚನಿಗೆ ಲಸಿಕೆ ಮೊದಲು ಹಾಕಿ ಚಿಪ್ ಆಮೇಲೆ ಹಾಕಿದ್ದರು. ಚಿಪ್‌ಗಿಂತ ಮುಂಚಿನ ಲಸಿಕೆ ಲೆಕ್ಕಕ್ಕಿಲ್ಲ, ಏಕೆಂದರೆ ಲಸಿಕೆ ಪಡೆದದ್ದು ಇದೇ ನಾಯಿ ಎನ್ನಲು ಆಧಾರವಿರುವುದಿಲ್ಲ. ಎಲ್ಲವೂ ಮತ್ತೆ ಮೊದಲಿನಿಂದ. ನಾಯಿ ಒಡೆಯರ ಪ್ರಯಾಣದ ಐದು ದಿನಗಳ ಅಂತರದಲ್ಲೇ ಬರಬೇಕೆಂಬ ನಿಯಮವೂ ಇರುವುದರಿಂದ ಸವಿತಾ ಉಳಿದುಕೊಂಡಳು, ಹರೀಶ ಹೋದ. ಅವಳು ಬರುವ ಹೊತ್ತಿಗೆ ಅವನಿಗೆ ಗೆಳೆಯರು, ಭಾಷೆ, ಬಸ್ ನಂಬರು ಎಲ್ಲ ರೂಢಿಯಾಗಿತ್ತು. ಅವಳಿಗಿದ್ದದ್ದು ಕೆಂಚ ಒಬ್ಬನೇ. ಹಾಗಾಗಿ "ನಾಯಿ ಕಳಿಸೋಣ" ಎಂಬ ಮಾತು ಅವಳ ಕಿವಿಗೆ ಬೇರೆಯೇ ಆಗಿ ಕೇಳುತ್ತಿತ್ತು.

ಆದ್ದರಿಂದ ಮೊದಲ ಸಲಹೆ: ಕಳಿಸುವ ಮಾತು ಎಂಟು ವಾರ ಎತ್ತಬಾರದು. ಭಾರತಕ್ಕೆ ವಾಪಸ್ ತರಲೂ ಪ್ರಾಣಿ ಸಂಗರೋಧ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು, ಕೋಪ ಬಂದ ಸಂಜೆ ಮಾಡಿ ಮುಗಿಸುವ ಕೆಲಸವಲ್ಲ.

ಎರಡನೆಯದು, ಪಶುವೈದ್ಯರ ತಪಾಸಣೆ. ನೋವು, ಹೊಟ್ಟೆಯ ತೊಂದರೆ ಇದ್ದರೆ ಯಾವ ತರಬೇತಿಯೂ ಹತ್ತುವುದಿಲ್ಲ. ಮೊಸರನ್ನ, ರಾಗಿ ಮುದ್ದೆ ತಿಂದವನಿಗೆ ಒಂದೇ ದಿನ ಒಣ ಆಹಾರ ಹಾಕಿದ್ದರಿಂದ ಭೇದಿಯೂ ಇತ್ತು. ಹೊಸ ಆಹಾರವನ್ನು ಏಳರಿಂದ ಹತ್ತು ದಿನಗಳಲ್ಲಿ ಕಾಲು ಪಾಲು, ಅರ್ಧ, ಮುಕ್ಕಾಲು ಎಂದು ಬೆರೆಸುತ್ತ ಹೋಗಲು ವೈದ್ಯರು ಹೇಳಿದರು. ಗಾಬರಿ ತೀವ್ರವಾಗಿದ್ದರಿಂದ ಕ್ಲೋಮಿಪ್ರಮಿನ್ ಎಂಬ, ಆತಂಕ ತಗ್ಗಿಸುವ ಮಾತ್ರೆ ಬರೆದುಕೊಟ್ಟರು. ಪರಿಣಾಮ ಕಾಣಲು ಕೆಲವು ವಾರ ಬೇಕು, ತರಬೇತಿ ಇಲ್ಲದೆ ಬರೀ ಮಾತ್ರೆಯಿಂದ ಆಗುವುದು ಕಡಿಮೆ.

ತರಬೇತಿಯ ಸೂತ್ರ ಒಂದೇ: ಗಾಬರಿ ಶುರುವಾಗುವ ಮುಂಚೆಯೇ ವಾಪಸ್ ಬರಬೇಕು. ನಾಲ್ಕು ನಿಮಿಷಕ್ಕೆ ಗಾಬರಿಯಾದರೆ ಆರಂಭ ಹತ್ತು ಸೆಕೆಂಡಿನಿಂದ. ಬೀಗದ ಕೈ ಎತ್ತಿಕೊಂಡು ಸುಮ್ಮನೆ ಕುರ್ಚಿಯಲ್ಲಿ ಕೂರುವುದು. ಕೋಟು ಹಾಕಿಕೊಂಡು ತರಕಾರಿ ಹೆಚ್ಚುವುದು. ಹೀಗೆ ಹೊರಡುವ ಸೂಚನೆಗಳಿಗೆ ಅರ್ಥವೇ ಇಲ್ಲದಂತೆ ಮಾಡುವುದು. ನಂತರ ಬಾಗಿಲಾಚೆ 10 ಸೆಕೆಂಡು, 30, 15, ಒಂದು ನಿಮಿಷ, ಮತ್ತೆ 20 ಸೆಕೆಂಡು. ಏರಿಸುತ್ತಲೇ ಹೋದರೆ ನಾಯಿ ಅದನ್ನೂ ಗುರುತಿಸುತ್ತದೆ, ಹಾಗಾಗಿ ಏರಿಳಿತ ಬೇಕು. ದಿನಕ್ಕೆ 15-20 ನಿಮಿಷ, ವಾರಕ್ಕೆ ಐದು ದಿನ. ಕೆಟ್ಟರೆ ಹಿಂದಿನ ಅವಧಿಯ ಅರ್ಧಕ್ಕೆ ಇಳಿಸುವುದು.

ಎಲ್ಲರೂ ಎಡವುವುದು ಸೋಮವಾರ. ಭಾನುವಾರ ಐದು ನಿಮಿಷ ಸುಮ್ಮನಿದ್ದ ಎಂದು ಸೋಮವಾರ ಎರಡು ಗಂಟೆ ಬಿಟ್ಟು ಹೋದರೆ ಮೂರು ವಾರದ ಶ್ರಮ ಹೋದಂತೆ. ಆದ್ದರಿಂದ ತರಬೇತಿ ನಡೆಯುವಷ್ಟು ಕಾಲ ನಿಜವಾಗಿ ಒಂಟಿಯಾಗಿ ಬಿಡುವಂತೆಯೇ ಇಲ್ಲ: ಹರೀಶ ಎರಡು ದಿನ ಮನೆಯಿಂದ ಕೆಲಸ, ಎರಡು ದಿನ ಬೆಳಗ್ಗೆ ನಾಯಿ ನೋಡಿಕೊಳ್ಳುವ ವಿದ್ಯಾರ್ಥಿನಿ. ಪಂಜರದಲ್ಲಿ ಕೂಡಿಹಾಕಬಾರದು, ಗಾಬರಿಯಲ್ಲಿ ಹಲ್ಲು, ಉಗುರು ಮುರಿದುಕೊಳ್ಳುತ್ತವೆ. ಶಾಕ್ ಕೊಡುವ ಕಾಲರ್ ಅಂತೂ ಜರ್ಮನಿಯಲ್ಲಿ ನಿಷಿದ್ಧ.

ಎಚ್ಚರಿಕೆ ಪತ್ರ ಬಂದ ಮೇಲೆ ಸವಿತಾಗೆ ನಿದ್ದೆಯಿರಲಿಲ್ಲ. ಅದು ಮನೆ ಖಾಲಿ ಮಾಡುವ ನೋಟಿಸಲ್ಲ, ಆದರೆ ಉತ್ತರಿಸದೆ ಬಿಟ್ಟರೆ ಅಲ್ಲಿಗೇ ತಲುಪಬಹುದು. ಅಚ್ಚು ಮಾಡಿದ ಬಾಡಿಗೆ ಕರಾರಿನಲ್ಲಿ ನಾಯಿ, ಬೆಕ್ಕು ಸಾರಾಸಗಟಾಗಿ ನಿಷೇಧ ಎನ್ನುವ ಷರತ್ತು ಸಿಂಧುವಲ್ಲವೆಂದು ಅಲ್ಲಿನ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2013ರಲ್ಲೇ ಹೇಳಿದೆ. ಆದರೆ ಆ ತೀರ್ಪು ಸದ್ದಿಗೆ ರಕ್ಷಣೆಯಲ್ಲ. ತರಬೇತಿ ಯೋಜನೆ ಮತ್ತು ನೋಡಿಕೊಳ್ಳುವವರ ದಿನಗಳನ್ನು ಬರೆದು, ಬಾಡಿಗೆದಾರರ ಸಂಘದಲ್ಲಿ ಓದಿಸಿ ಉತ್ತರ ಕಳಿಸಿದರು. ಕೆಳಗಿನ ಮನೆಗೆ ಸಿಹಿ ಡಬ್ಬಿಗಿಂತ ಕೆಲಸಕ್ಕೆ ಬಂದದ್ದು ಒಂದು ಚೀಟಿ: ಫೋನ್ ನಂಬರು, "ಬೊಗಳಿದ ಕೂಡಲೇ ಮೆಸೇಜ್ ಮಾಡಿ" ಎಂಬ ಸಾಲು. ಬರ್ಲಿನ್‌ನಲ್ಲಿ ಕಡ್ಡಾಯವಾದ ನಾಯಿ ವಿಮೆ, ನೋಂದಣಿ, ಮೊದಲ ನಾಯಿಗೆ ವರ್ಷಕ್ಕೆ 120 ಯೂರೊ ತೆರಿಗೆ ಮೊದಲೇ ಆಗಿದ್ದರಿಂದ ಪತ್ರಕ್ಕೆ ಬಲ ಬಂತು.

ಗಂಡ ಹೆಂಡತಿಗೆ ಹೇಳಿದ್ದು: ಬೆಳಗಿನ ಸುತ್ತಾಟ ಹರೀಶನದು, ಮಳೆಯಿರಲಿ ಹಿಮವಿರಲಿ. ರಾತ್ರಿ ಊಟಕ್ಕೆ ಕೂತಾಗ ಕೆಂಚನ ವಿಷಯ ಬೇಡ. ಮೊದಲ ಕೆಲವು ದಿನ ಆ ಊಟ ಮೌನವಾಗಿಯೇ ಮುಗಿಯಿತು. ಅದನ್ನು ಇಬ್ಬರೂ ಗಮನಿಸಿದ್ದೇ ಉಪಯೋಗಕ್ಕೆ ಬಂತು. ಹರೀಶ ಹೋದ ಮೇಲೆ ಮೈಸೂರಿನಲ್ಲಿ ಕಾದ ಐದು ತಿಂಗಳ ಲೆಕ್ಕವನ್ನು ಸವಿತಾ ಒಮ್ಮೆ ಪೂರ್ತಿಯಾಗಿ ಹೇಳಲಿ, ಹರೀಶ ಸಮರ್ಥನೆ ಕೊಡದೆ ಕೇಳಲಿ ಎಂದು ಒಂದು ಭೇಟಿಯನ್ನು ಅದಕ್ಕೇ ಮೀಸಲಿಟ್ಟೆವು.

ವಿದ್ಯಾರ್ಥಿನಿ ಬರುವ ಎರಡು ಬೆಳಗ್ಗೆ ಸವಿತಾ ಮನೆಯಲ್ಲಿ ಇರಕೂಡದು ಎಂದೂ ಹೇಳಲಾಯಿತು. ವಯಸ್ಕರ ಶಿಕ್ಷಣ ಕೇಂದ್ರದ ಜರ್ಮನ್ ತರಗತಿ ಸೇರಿದಳು. ಸಂಜೆ ಒಂದೇ ಹೊತ್ತಿಗೆ ಟೆಂಪಲ್‌ಹೋಫ್ ಬಯಲಿನ ಬೇಲಿ ಹಾಕಿದ ನಾಯಿ ಅಂಗಳ. ಹೊತ್ತು ಬದಲಾಗದಿದ್ದರೆ ಅದೇ ಮುಖಗಳು ಮತ್ತೆ ಸಿಗುತ್ತವೆ. "ದಾರ್ಫ್ ಎರ್ ಹಲೋ ಸಾಗೆನ್?", ಇವನು ಮಾತಾಡಿಸಬಹುದಾ, ಎಂದು ಕೇಳುವಷ್ಟು ಜರ್ಮನ್ ಬಂದರೆ ಉಳಿದ ಮಾತು ಎದುರಿನವರೇ ಆಡುತ್ತಾರೆ.

ಹದಿನಾಲ್ಕನೇ ವಾರಕ್ಕೆ ಕೆಂಚ ಒಂದೂಮುಕ್ಕಾಲು ಗಂಟೆ ಒಬ್ಬನೇ ಇರುತ್ತಿದ್ದ. ಇಡೀ ಕೆಲಸದ ದಿನ ಇರುವುದು ಬಹುಶಃ ಎಂದಿಗೂ ಆಗದು, ಅದನ್ನು ನೇರವಾಗಿಯೇ ತಿಳಿಸಲಾಯಿತು.

ಡಿಸೆಂಬರ್ ಹತ್ತಿರವಾದ್ದರಿಂದ ಕೊನೆಯ ಭೇಟಿಯಲ್ಲಿ ಪಟಾಕಿಯ ಮಾತು. ವರ್ಷದ ಕೊನೆಯ ರಾತ್ರಿ ಬರ್ಲಿನ್ ನಮ್ಮ ದೀಪಾವಳಿಯನ್ನೂ ಮೀರಿಸುತ್ತದೆ. ಬೆದರಿ ತಪ್ಪಿಸಿಕೊಳ್ಳದಂತೆ, ಪಟಾಕಿ ಮಾರಾಟ ಶುರುವಾದ ದಿನದಿಂದಲೇ ಕಾಲರ್‌ಗೆ ಒಂದು, ಎದೆಪಟ್ಟಿಗೆ ಒಂದು ಹಗ್ಗ. ಆ ರಾತ್ರಿ ಮನೆಯಲ್ಲಿ ಒಬ್ಬರು ಇರಲೇಬೇಕು, ಕಿಟಕಿ ಪರದೆ ಎಳೆದು. ಮೈಸೂರಿನಲ್ಲಿ ಹಾಕಿಸಿದ ಚಿಪ್‌ನ ನಂಬರು, ಈಗಿನ ಫೋನ್ ನಂಬರು ಎರಡನ್ನೂ ಟಾಸೊ ಎಂಬ, ಕಳೆದುಹೋದ ಸಾಕುಪ್ರಾಣಿಗಳ ಒಡೆಯರನ್ನು ಹುಡುಕಿಕೊಡುವ ಸಂಸ್ಥೆಯ ನೋಂದಣಿಯಲ್ಲಿ ಸೇರಿಸಲು ಹೇಳಲಾಯಿತು: ನೋಂದಣಿಯಾಗದ ಚಿಪ್ಪನ್ನು ಸ್ಕ್ಯಾನ್ ಮಾಡಿದರೆ ಕಾಣುವುದು ಬರೀ 15 ಅಂಕಿ, ಯಾರಿಗೆ ಫೋನ್ ಮಾಡಬೇಕೆಂಬುದಲ್ಲ.