ರಾತ್ರಿಯಿಡೀ ಚಾರ್ಜಿಗೆ ಹಾಕಿದರೆ ಫೋನ್ ಬ್ಯಾಟರಿ ಬೇಗ ಹಾಳಾಗುತ್ತದೆಯೇ?

ರಾತ್ರಿ ಚಾರ್ಜಿಗೆ ಹಾಕಿ ಮಲಗಬಹುದೇ, ಪೂರ್ತಿ ಸೊನ್ನೆಗಿಳಿದ ಮೇಲೆಯೇ ಚಾರ್ಜ್ ಮಾಡಬೇಕೇ ಎಂದು ಕೇಳಿದ್ದೀರಿ. ಎರಡನೆಯದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ಮಾತು, ಬಿಟ್ಟುಬಿಡಿ. ಈಗಿನ ಲಿಥಿಯಂ-ಅಯಾನ್‌ಗೆ ಪದೇ ಪದೇ ಸೊನ್ನೆ ಮುಟ್ಟಿಸುವುದೇ ಹಾನಿ. ಶೇ. 20ರ ಆಸುಪಾಸಿನಲ್ಲಿ ಹಾಕಿ, 80ಕ್ಕೆ ತೆಗೆಯಿರಿ. ನಡುನಡುವೆ ಸ್ವಲ್ಪ ಹೊತ್ತು ಹಾಕಿ ತೆಗೆದರೂ ಅಡ್ಡಿಯಿಲ್ಲ, ಇವತ್ತು ಶೇ. 50, ನಾಳೆ ಶೇ. 50 ತುಂಬಿಸಿದರೆ ಲೆಕ್ಕಕ್ಕೆ ಒಂದೇ ಸೈಕಲ್ (ಒಮ್ಮೆ ಪೂರ್ತಿ ತುಂಬಿಸಿದಷ್ಟು).

ರಾತ್ರಿಯಿಡೀ ಹಾಕಿಟ್ಟರೆ ‘ಓವರ್‌ಚಾರ್ಜ್’ ಆಗುವುದಿಲ್ಲ, ತುಂಬಿದೊಡನೆ ಫೋನೇ ನಿಲ್ಲಿಸುತ್ತದೆ. ತೊಂದರೆ ಇರುವುದು ಬೆಳಗಿನವರೆಗೂ ನೂರರಲ್ಲೇ ಕೂರುವುದರಲ್ಲಿ. ಆಗ ಸೆಲ್‌ನ ವೋಲ್ಟೇಜ್ 4.4 ವೋಲ್ಟ್‌ ಸುತ್ತಮುತ್ತ ಇದ್ದು, ಒಳಗಿನ ಎಲೆಕ್ಟ್ರೋಲೈಟ್ ಎಂಬ ರಾಸಾಯನಿಕ ದ್ರವ ನಿಧಾನವಾಗಿ ಕೆಡುತ್ತದೆ. ಐಫೋನ್ 15 ಮತ್ತು ನಂತರದವುಗಳಲ್ಲಿ, ಸ್ಯಾಮ್‌ಸಂಗ್‌ನ ಬಹಳಷ್ಟು ಫೋನ್‌ಗಳಲ್ಲಿ 80ಕ್ಕೆ ನಿಲ್ಲಿಸುವ ಆಯ್ಕೆ ಇದೆ. ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲಿ ಹುಡುಕಿ ಆನ್ ಮಾಡಿದರೆ ನಿಶ್ಚಿಂತೆಯಿಂದ ಮಲಗಬಹುದು. ದೂರದ ಪ್ರಯಾಣವಿದ್ದ ದಿನ ನೂರು ಮಾಡಿಕೊಳ್ಳಿ, ಅದಕ್ಕೆಲ್ಲ ತಲೆಕೆಡಿಸಿಕೊಳ್ಳಬೇಡಿ.

ನನ್ನ ಪ್ರಕಾರ ಶೇಕಡಾ ಲೆಕ್ಕಕ್ಕಿಂತ ಬಿಸಿಯೇ ದೊಡ್ಡ ಶತ್ರು. ಐಫೋನನ್ನು 0ರಿಂದ 35 ಡಿಗ್ರಿಯೊಳಗೆ ಬಳಸಿ ಎನ್ನುತ್ತದೆ ಆಪಲ್. ಏಪ್ರಿಲ್-ಮೇನಲ್ಲಿ ರಾಯಚೂರು, ಕಲಬುರಗಿಯ ಮನೆಯೊಳಗೇ ಅದು ದಾಟುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಮಧ್ಯಾಹ್ನ ಬಿಟ್ಟು ಬೆಳಗಿನ ತಂಪು ಹೊತ್ತಲ್ಲಿ ಚಾರ್ಜ್ ಮಾಡಿ. ದಪ್ಪ ಕವರ್ ತೆಗೆದು, ಹಾಸಿಗೆಯ ಮೇಲಲ್ಲ, ಮೇಜಿನ ಮೇಲೋ ನೆಲದ ಮೇಲೋ ಇಡಿ. ಚಾರ್ಜ್ ಆಗುವಾಗ ಗೇಮ್, ಹಾಟ್‌ಸ್ಪಾಟ್ ಬೇಡ. ಎಲ್ಲಕ್ಕಿಂತ ಕೆಟ್ಟದ್ದು ಬೈಕಿನ ಹ್ಯಾಂಡಲ್‌ಗೆ ಸಿಕ್ಕಿಸಿ ಬಿಸಿಲಲ್ಲಿ ಮ್ಯಾಪ್ ಓಡಿಸುತ್ತಾ ಚಾರ್ಜ್ ಮಾಡುವುದು: ಬಿಸಿಲು, ಸ್ಕ್ರೀನ್, ಜಿಪಿಎಸ್, ಚಾರ್ಜಿಂಗ್, ನಾಲ್ಕರ ಬಿಸಿಯೂ ಒಟ್ಟಿಗೆ. ಕಾದ ಫೋನನ್ನು ಕಾಲು ಗಂಟೆ ಫ್ಯಾನ್ ಕೆಳಗಿಡಿ, ಆಮೇಲೆ ಚಾರ್ಜಿಗೆ ಹಾಕಿ. ಫ್ರಿಜ್‌ನಲ್ಲಿಡುವ ಪುಣ್ಯಾತ್ಮರೂ ಇದ್ದಾರೆ; ಹೊರತೆಗೆದಾಗ ಒಳಗೆಲ್ಲ ನೀರು ಪಸೆಗಟ್ಟುತ್ತದೆ.

ವೈರ್‌ಲೆಸ್ ಚಾರ್ಜರ್ ಇದ್ದರೆ ಫೋನ್ ನಟ್ಟನಡುವೆ ಕೂರಬೇಕು, ಸ್ವಲ್ಪ ಸರಿದರೂ ಹೆಚ್ಚು ಬಿಸಿಯಾಗುತ್ತದೆ. ಬಳಸದ ಹಳೆ ಫೋನನ್ನು ಅರ್ಧ ಚಾರ್ಜ್‌ನಲ್ಲಿ ಆಫ್ ಮಾಡಿಟ್ಟು, ಆರು ತಿಂಗಳಿಗೊಮ್ಮೆ ಮತ್ತೆ ಅರ್ಧ ತುಂಬಿಸಿ.

ಶೇ. 30 ತೋರಿಸುತ್ತಿದ್ದ ಹಾಗೇ ಫೋನ್ ಆಫ್ ಆಗುತ್ತಿದ್ದರೆ ಹೆಚ್ಚಾಗಿ ಬ್ಯಾಟರಿ ಸವೆದಿದೆ ಎಂದರ್ಥ. ಒಮ್ಮೆ ಪೂರ್ತಿ ಇಳಿಸಿ ತುಂಬಿಸಿದರೆ ಮೀಟರ್ ಸರಿಹೋದೀತು, ಕಳೆದ ಸಾಮರ್ಥ್ಯ ಮರಳದು. ಹಿಂಬದಿ ಉಬ್ಬಿ ಸ್ಕ್ರೀನ್ ಎದ್ದಿದ್ದರಂತೂ ಒತ್ತಬೇಡಿ, ಚುಚ್ಚಬೇಡಿ, ಇನ್ನೊಮ್ಮೆ ಚಾರ್ಜಿಗೂ ಹಾಕಬೇಡಿ. ಸ್ವಿಚ್ ಆಫ್ ಮಾಡಿ ನೇರ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ.