6,000ದ ಲೆಕ್ಕ 4,000 ಆಗಿದ್ದೇಕೆ? ಪಿಂಚಣಿ ಕುರಿತ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: 1998ರ ಸೆಪ್ಟೆಂಬರಿನಲ್ಲಿ ಕಾರ್ಖಾನೆಗೆ ಸೇರಿ, 2024ರ ಆಗಸ್ಟಿನಲ್ಲಿ 58 ತುಂಬಿ ನಿವೃತ್ತನಾದೆ. 26 ವರ್ಷದ ಸೇವೆಗೆ ಎರಡು ವರ್ಷದ ಬೋನಸ್ ಸೇರಿಸಿದರೆ 28. ಅದನ್ನು 15,000ದಿಂದ ಗುಣಿಸಿ 70ರಿಂದ ಭಾಗಿಸಿದರೆ 6,000 ಬರಬೇಕು. ಕೈಗೆ ಬರುತ್ತಿರುವುದು 4,000ದ ಆಸುಪಾಸು. ಎಲ್ಲಿ ತಪ್ಪಾಗಿದೆ?
– ಓದುಗರು, ಭದ್ರಾವತಿ

ಉತ್ತರ: ನಿಮ್ಮ ಸೂತ್ರ ಸರಿಯಾಗಿಯೇ ಇದೆ. ಆದರೆ ಇಡೀ ಸೇವೆಗೆ 15,000 ಹಾಕುವ ಹಾಗಿಲ್ಲ. ನಿಮ್ಮ ಪಿಂಚಣಿ ಬರುವ ಇಪಿಎಸ್-95ರಲ್ಲಿ (ಪಿಎಫ್ ಜೊತೆಗಿನ ನೌಕರರ ಪಿಂಚಣಿ ಯೋಜನೆ) ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ 6,500ರಿಂದ 15,000ಕ್ಕೆ ಏರಿದ್ದು 2014ರ ಸೆಪ್ಟೆಂಬರ್ 1ರಂದು. ಅದಕ್ಕೂ ಹಿಂದಿನ ಸೇವೆಯನ್ನು ಹಳೆಯ ಮಿತಿಯಲ್ಲೇ ಲೆಕ್ಕ ಹಾಕುತ್ತಾರೆ. ಮೊದಲ 16 ವರ್ಷಕ್ಕೆ 6,500 ಹಿಡಿದರೆ 1,486 ರೂಪಾಯಿ, ಆಮೇಲಿನ 10 ವರ್ಷಕ್ಕೆ 15,000 ಹಿಡಿದರೆ 2,143. ಎರಡೂ ಸೇರಿ 3,629. ಬೋನಸ್ ವರ್ಷಗಳ ಪಾಲು ಕೂಡಿದಾಗ ನಿಮಗೆ ಬರುತ್ತಿರುವ ಮೊತ್ತಕ್ಕೆ ಹತ್ತಿರ ಬರುತ್ತದೆ.

ಆದರೂ ಒಂದನ್ನು ನೋಡಿಕೊಳ್ಳಿ. ಸಂಬಳವಿಲ್ಲದ ರಜೆ, ಲೇ-ಆಫ್ ದಿನಗಳನ್ನು ಪಿಎಫ್ ದಾಖಲೆಯಲ್ಲಿ ‘ಎನ್‌ಸಿಪಿ’ ಎಂದು ಬರೆದು ಸೇವೆಯಿಂದ ಕಳೆಯುತ್ತಾರೆ. ಕಾರ್ಖಾನೆ ಆಗಾಗ ನಿಂತು ನಡೆದಿದ್ದರೆ ಇಲ್ಲಿ ತಪ್ಪು ನುಸುಳುವುದುಂಟು. ಪಿಎಫ್ ಕಚೇರಿಗೆ ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ ಬರೆದು, ಲೆಕ್ಕ ಹಾಕಿದ ಹಾಳೆಯ ಪ್ರತಿ ಕೇಳಿ. ಅದರಲ್ಲಿರುವ ಎನ್‌ಸಿಪಿ ದಿನಗಳನ್ನು ಹಳೆಯ ಸಂಬಳ ಚೀಟಿಗಳೊಂದಿಗೆ ತಾಳೆ ನೋಡಿ. ಆರು ತಿಂಗಳು ದಾಟಿದ ಸೇವೆಯನ್ನು ಒಂದು ವರ್ಷವೆಂದೇ ಎಣಿಸಬೇಕು. ಹಾಗಾಗಿ ಕೆಲವೇ ದಿನಗಳ ತಪ್ಪಿಗೂ ಒಂದು ವರ್ಷ ಕೈತಪ್ಪಬಹುದು.

ಇನ್ನು ಸುಧಾರಣೆಯ ಮಾತು. ಈಗ ಎಲ್ಲೆಡೆ ಕೇಳಿಬರುವುದು 15,000ದ ಮಿತಿ ಏರಿಸಿ ಎಂಬ ಬೇಡಿಕೆ. ಮಿತಿ ಏರಿದರೆ ಲಾಭ ಈಗ ದುಡಿಯುತ್ತಿರುವವರಿಗೆ. ನಿಮ್ಮಂತೆ ನಿವೃತ್ತರಾದವರ ಪಿಂಚಣಿ ತಾನಾಗಿ ಏರುವುದಿಲ್ಲ. ನಿಮಗೆ ಬೇಕಿರುವುದು ಬೆಲೆಯೇರಿಕೆಗೆ ತಕ್ಕ ತುಟ್ಟಿಭತ್ಯೆ. ಇಪಿಎಸ್‌ನಲ್ಲಿ ಅದಿಲ್ಲ. ಮಾಲೀಕರ ಪಾಲಿನಿಂದ ಈ ನಿಧಿಗೆ ಹೋಗುವುದು ಸಂಬಳದ 8.33%, ಕೇಂದ್ರ ಸರ್ಕಾರ ಕೂಡಿಸುವುದು 1.16%. 6,500ರ ಕಾಲದಲ್ಲಿ ನಿಮ್ಮ ಹೆಸರಿಗೆ ಮಾಲೀಕರಿಂದ ತಿಂಗಳಿಗೆ ಹೆಚ್ಚೆಂದರೆ ಹೋಗುತ್ತಿದ್ದುದು 541 ರೂಪಾಯಿ. ಅಷ್ಟರಿಂದ ತುಟ್ಟಿಭತ್ಯೆ ಹುಟ್ಟದು. ಅದಕ್ಕೆ ಬಜೆಟ್ಟಿನಿಂದಲೇ ಹಣ ಬರಬೇಕು, ಬರಲೇಬೇಕು ಎಂಬುದು ನಮ್ಮ ನಿಲುವು. 2014ರಲ್ಲಿ ಗೊತ್ತುಮಾಡಿದ ಕನಿಷ್ಠ 1,000 ರೂಪಾಯಿಯಲ್ಲಿ ಒಬ್ಬರ ತಿಂಗಳ ಔಷಧಿಯೂ ಆಗುವುದಿಲ್ಲ.

ಪ್ರಶ್ನೆ: ನಾನು 2008ರಲ್ಲಿ ಸೇರಿದ ಸರ್ಕಾರಿ ಶಾಲಾ ಶಿಕ್ಷಕಿ. ಹಳೆ ಪಿಂಚಣಿ, ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ), ಯುಪಿಎಸ್ (ಏಕೀಕೃತ ಪಿಂಚಣಿ ಯೋಜನೆ) ಇವುಗಳ ನಿಜವಾದ ವ್ಯತ್ಯಾಸವೇನು?
– ಓದುಗರು, ತೀರ್ಥಹಳ್ಳಿ

ಉತ್ತರ: ನಷ್ಟದ ಭಾರ ಯಾರ ಹೆಗಲಿಗೆ ಎಂಬುದೇ ವ್ಯತ್ಯಾಸ. ಹಳೆಯದರಲ್ಲಿ ಪೂರ್ತಿ ಸರ್ಕಾರದ ಮೇಲೆ. 2006ರ ಏಪ್ರಿಲ್ 1ರಿಂದ ರಾಜ್ಯ ಸೇವೆಗೆ ಸೇರಿದವರಿಗೆ ಬಂದ ಎನ್‌ಪಿಎಸ್‌ನಲ್ಲಿ ಅದು ನಿಮ್ಮ ಮೇಲೆ: ಮೂಲವೇತನ ಮತ್ತು ತುಟ್ಟಿಭತ್ಯೆಯ 10% ನೀವು ಕಟ್ಟುತ್ತೀರಿ, ಸರ್ಕಾರವೂ ತನ್ನ ಪಾಲು ಹಾಕುತ್ತದೆ, ಹಣ ಮಾರುಕಟ್ಟೆಯಲ್ಲಿ ಬೆಳೆಯುತ್ತದೆ. ನಿವೃತ್ತಿಯಾದಾಗ 50 ಲಕ್ಷ ಇದೆ ಎಂದಿಟ್ಟುಕೊಳ್ಳಿ. ಕನಿಷ್ಠ 40%, ಅಂದರೆ 20 ಲಕ್ಷವನ್ನು ವರ್ಷಾಶನಕ್ಕೆ (ವಿಮಾ ಕಂಪನಿಗೆ ಹಣ ಕೊಟ್ಟು ಪಿಂಚಣಿ ಪಡೆಯುವ ಯೋಜನೆ) ಹಾಕಬೇಕು. 6% ದರ ಸಿಕ್ಕರೆ ತಿಂಗಳಿಗೆ 10,000 ರೂಪಾಯಿ, ಅದಕ್ಕೆ ತುಟ್ಟಿಭತ್ಯೆ ಇಲ್ಲ.

ಯುಪಿಎಸ್ 2025ರ ಏಪ್ರಿಲ್ 1ರಿಂದ ಕೇಂದ್ರ ನೌಕರರಿಗೆ ಬಂದದ್ದು. ರಾಜ್ಯ ಒಪ್ಪದೆ ನಿಮಗೆ ತಾನಾಗಿ ಅನ್ವಯಿಸದು. 25 ವರ್ಷ ಸೇವೆಗೆ, ಕೊನೆಯ 12 ತಿಂಗಳ ಮೂಲವೇತನದ ಸರಾಸರಿಯ ಅರ್ಧ, ಮೇಲೆ ತುಟ್ಟಿಭತ್ಯೆ. ನೌಕರರೂ 10% ಕಟ್ಟುವುದರಿಂದ ಭಾರವಿಡೀ ಮುಂದಿನ ತಲೆಮಾರಿನ ಬಜೆಟ್ಟಿಗೆ ಬೀಳುವುದಿಲ್ಲ, ಮುಪ್ಪಿನಲ್ಲಿ ಮಾರುಕಟ್ಟೆಯ ಭಯವೂ ಇಲ್ಲ. ರಾಜ್ಯ ಈ ದಾರಿಯನ್ನು ಗಂಭೀರವಾಗಿ ನೋಡಬೇಕು.

ನಿಮ್ಮ ನೇಮಕಾತಿ ಅಧಿಸೂಚನೆಯ ದಿನಾಂಕವನ್ನೂ ನೋಡಿ. 2006ರ ಏಪ್ರಿಲ್‌ಗೆ ಮುಂಚೆ ಅಧಿಸೂಚನೆಯಾಗಿ ನಂತರ ಸೇರಿದವರಿಗೆ ಹಳೆ ಪಿಂಚಣಿ ಆಯ್ದುಕೊಳ್ಳಲು 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಅವಕಾಶ ಕೊಟ್ಟಿತ್ತು.

ಪ್ರಶ್ನೆ: ಅಮ್ಮನಿಗೆ 72 ವರ್ಷ. ಸಂಧ್ಯಾ ಸುರಕ್ಷಾದ 1,200 ರೂಪಾಯಿ ಎರಡು ತಿಂಗಳಿಂದ ಬಂದಿಲ್ಲ. ಅಡಿಕೆ ಸುಲಿದು ಬೆರಳು ಸವೆದಿದೆ, ಹೆಬ್ಬೆಟ್ಟು ಯಂತ್ರ ಒಪ್ಪುವುದಿಲ್ಲ.
– ಓದುಗರು, ಹೊಸನಗರ

ಉತ್ತರ: ಮೊದಲು ಅಮ್ಮನ ಬೇರೆ ಖಾತೆಗಳನ್ನು ನೋಡಿ. ನೇರ ವರ್ಗಾವಣೆಯ ಹಣ ಹೋಗುವುದು ಆಧಾರ್ ಕೊನೆಗೆ ಜೋಡಣೆಯಾದ ಖಾತೆಗೆ. ಗೃಹಲಕ್ಷ್ಮಿಗೆಂದು ಹೊಸ ಖಾತೆ ತೆರೆದಿದ್ದರೆ ಹಣ ಅಲ್ಲಿ ಬಿದ್ದಿರಬಹುದು. ಅಲ್ಲೂ ಇಲ್ಲದಿದ್ದರೆ ಬ್ಯಾಂಕಿನಲ್ಲಿ ‘ಎನ್‌ಪಿಸಿಐ ಜೋಡಣೆ ಇದೆಯೇ’ (ಆಧಾರ್‌ನಿಂದ ಖಾತೆಗೆ ಹಣ ಕಳಿಸುವ ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿಯಲ್ಲಿ ಖಾತೆ ಇದೆಯೇ) ಎಂದೇ ಕೇಳಿ. ಆಧಾರ್ ಪ್ರತಿ ಕೊಟ್ಟಿದ್ದೇವೆ ಅಂದರೆ ಜೋಡಣೆ ಆಯಿತು ಎಂದಲ್ಲ. ಆಮೇಲೆ ಪಿಂಚಣಿ ಆದೇಶದ ಪ್ರತಿ ಹಿಡಿದು ನಾಡಕಚೇರಿಗೆ ಹೋಗಿ, ತಡೆಹಿಡಿದ ಕಾರಣ ಬರೆಸಿಕೊಳ್ಳಿ. ಬೆರಳು ಹಿಡಿಯದಿದ್ದರೆ ಕಣ್ಣಿನ ಪಾಪೆ ಅಥವಾ ಮುಖ ಗುರುತಿನಿಂದ ಮಾಡಿಕೊಡಿ ಎಂದು ಕೇಳಿ.

ಪ್ರಶ್ನೆ: ನನಗೆ 30 ವರ್ಷ, ಅಡಿಕೆ ಸುಲಿಯುವ ಕೆಲಸ. ಅಟಲ್ ಪಿಂಚಣಿ ಮಾಡಿಸಬಹುದೇ?
– ಓದುಗರು, ರಿಪ್ಪನ್‌ಪೇಟೆ

ಉತ್ತರ: ಮಾಡಿಸಿ. 60ರ ನಂತರ ತಿಂಗಳಿಗೆ 5,000 ಬೇಕಾದರೆ ಈಗಿನಿಂದ ತಿಂಗಳಿಗೆ 577 ರೂಪಾಯಿ ಕಟ್ಟಬೇಕು. 30 ವರ್ಷ ಕಳೆದ ಮೇಲೆ ಆ 5,000ಕ್ಕೆ ಇಂದಿನ ಬೆಲೆ ಇರುವುದಿಲ್ಲ, ಇದೊಂದನ್ನೇ ನೆಚ್ಚಬೇಡಿ. ಕಂತನ್ನು ಆರು ತಿಂಗಳಿಗೊಮ್ಮೆ ಕಟ್ಟುವ ಆಯ್ಕೆಯೂ ಇದೆ. ಸುಲಿಗೆಯ ಕೂಲಿ ಕೈಗೆ ಬರುವ ಚಳಿಗಾಲದಲ್ಲಿ ಒಂದು ಕಂತು ಬೀಳುವಂತೆ ಅರ್ಜಿ ಹಾಕಿ. ಮಳೆಗಾಲದ ಕಂತಿನ ಹಣವನ್ನೂ ಆಗಲೇ ಖಾತೆಯಲ್ಲಿ ಬಿಡಿ.