ಚಾಪೆಲ್ ಕಡ್ಡಾಯ ಇದ್ದರೆ ಸಾಕಾ?

ಪ್ರಶ್ನೆ: ನಾವು ಮಂಗಳೂರಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು, ಈಗ ಶಿಕಾಗೋ ಹತ್ತಿರ ಇದ್ದೇವೆ. ಮಗ ಮುಂದಿನ ವರ್ಷ ಕಾಲೇಜು ಸೇರುತ್ತಾನೆ. ವೀಟನ್ ಕಾಲೇಜು, ಮಿಷಿಗನ್‌ನ ಕ್ಯಾಲ್ವಿನ್ ವಿಶ್ವವಿದ್ಯಾಲಯ ಎರಡೂ ಪಟ್ಟಿಯಲ್ಲಿವೆ. ವೀಟನ್‌ನಲ್ಲಿ ಚಾಪೆಲ್‌ಗೆ, ಅಂದರೆ ಕಾಲೇಜಿನಲ್ಲೇ ನಡೆಯುವ ಆರಾಧನೆಗೆ, ಹೋಗುವುದು ಕಡ್ಡಾಯ, ಕ್ಯಾಲ್ವಿನ್‌ನಲ್ಲಿ ಅಲ್ಲ. ಹಾಗಾಗಿ ವೀಟನ್ನೇ ವಾಸಿ ಅನ್ನುತ್ತಾರೆ ನಮ್ಮ ಯಜಮಾನರು. ಟೂರ್‌ಗೆ ಹೋದರೆ ಎಲ್ಲ ಕಡೆ ನಗುಮುಖವೇ. ಅಲ್ಲಿನ ಹುಡುಗರ ನಂಬಿಕೆಯ ಬದುಕು ನಿಜಕ್ಕೂ ಹೇಗಿದೆ ಅಂತ ತಿಳಿಯುವುದು ಹೇಗೆ?

ಉತ್ತರ: ನಿಯಮ ನೋಡಿದರೆ ಕಾಲೇಜಿಗೆ ಏನು ಬೇಕು ಅನ್ನುವುದು ಗೊತ್ತಾಗುತ್ತದೆ. ಹುಡುಗರು ಹೇಗಿದ್ದಾರೆ ಅನ್ನುವುದು ಗೊತ್ತಾಗುವುದಿಲ್ಲ. ವೀಟನ್‌ನಲ್ಲಿ ವಿದ್ಯಾರ್ಥಿಗಳು ನಡತೆಯ ಒಡಂಬಡಿಕೆಗೆ ಸಹಿ ಹಾಕುತ್ತಾರೆ. ಕ್ಯಾಂಪಸ್ಸಿನಲ್ಲಿ ಡ್ಯಾನ್ಸ್ ಮಾಡಲು ಬಿಟ್ಟಿದ್ದೇ 2003ರಲ್ಲಿ! ಕ್ಯಾಲ್ವಿನ್ ದಾರಿ ಬೇರೆ. ಅದು ಸುಧಾರಿತ (ರಿಫಾರ್ಮ್ಡ್) ಪ್ರೊಟೆಸ್ಟೆಂಟ್ ಪಂಥದ ಸಂಸ್ಥೆ, ಸಭೆಯ ನಂಬಿಕೆಗೆ ಬದ್ಧರಾಗಿರಬೇಕು ಅನ್ನುವ ಷರತ್ತು ಇರುವುದು ಅಧ್ಯಾಪಕರಿಗೆ. ಚಾಪೆಲ್ ಇದೆ, ಮನಸ್ಸಿದ್ದವರು ಹೋಗುತ್ತಾರೆ.

ಹಾಗಂತ ಕಡ್ಡಾಯ ಅಂದರೆ ಬರೀ ಹಾಜರಿ ಅಂತಲೂ ಅಲ್ಲ. 2023ರ ಫೆಬ್ರವರಿ 8ರಂದು ಕೆಂಟಕಿಯ ಆಸ್ಬರಿ ವಿಶ್ವವಿದ್ಯಾಲಯದಲ್ಲಿ ಎಂದಿನ ಚಾಪೆಲ್ ಮುಗಿದ ಮೇಲೂ ಕೆಲವರು ಎದ್ದು ಹೋಗಲಿಲ್ಲ. ಹಾಡು, ಪ್ರಾರ್ಥನೆ ಎರಡು ವಾರ ನಡೆಯಿತು, ದೂರದೂರದಿಂದ ಜನ ಬಂದರು. ಅಲ್ಲೂ ಚಾಪೆಲ್ ಕಡ್ಡಾಯವೇ.

ಆದ್ದರಿಂದ ಹಾಜರಿ ತೆಗೆದುಕೊಳ್ಳದ ಹೊತ್ತಿನಲ್ಲಿ ಏನಾಗುತ್ತದೆ ನೋಡಿ. ಚಾಪೆಲ್‌ನಲ್ಲಿ ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ. ಫೋನ್ ನೋಡುವವರು ಎಲ್ಲ ಕಡೆ ಇರುತ್ತಾರೆ, ಅದಕ್ಕೆ ಬೇಜಾರು ಬೇಡ. ಮುಗಿದ ಮೇಲೆ ನಿಂತು ಮಾತಾಡುತ್ತಾರಾ? ಹಾಸ್ಟೆಲ್‌ನಲ್ಲಿ ಹುಡುಗರೇ ನಡೆಸುವ ಸತ್ಯವೇದ ಅಧ್ಯಯನ ಇದೆಯಾ? ಟೂರ್ ಗೈಡ್‌ನನ್ನು ಕೇಳಬೇಡಿ, ಆ ಹುಡುಗನ ಕೆಲಸವೇ ಹೊಗಳುವುದು. ಕ್ಯಾಂಟೀನಿನಲ್ಲಿ ಎರಡನೇ, ಮೂರನೇ ವರ್ಷದವರ ಜೊತೆ ಕೂತು ಕೇಳಿ. 'ಇಲ್ಲಿ ಭಕ್ತಿ ಹೇಗಿದೆ?' ಅಂದರೆ 'ಚೆನ್ನಾಗಿದೆ' ಅಂತ ಬಿಡುತ್ತಾರೆ. 'ಹೋದ ಭಾನುವಾರ ಎಲ್ಲಿಗೆ ಹೋಗಿದ್ದೆ, ಯಾರ ಜೊತೆ, ಹೇಗೆ ಹೋದೆ?' ಅಂತ ಕೇಳಿ. ಕಾರಿಲ್ಲದ ಹುಡುಗನ ಭಾನುವಾರದ ಆರಾಧನೆ ಎಷ್ಟೋ ಸಲ ತಪ್ಪುವುದು ಬರೀ ಅದೇ ಕಾರಣಕ್ಕೆ. ಕ್ಯಾಂಪಸ್ ಚಾಪೆಲ್ ಸಭೆಯ ಜಾಗ ತುಂಬುವುದಿಲ್ಲ, ಅಲ್ವಾ? ಅಲ್ಲಿ ಅಜ್ಜ-ಅಜ್ಜಿಯರೂ ಇಲ್ಲ, ಸಂಡೇ ಸ್ಕೂಲ್ ಮಕ್ಕಳೂ ಇಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇನ್ನೊಂದು ಪ್ರಶ್ನೆ. ನಂಬಿಕೆ ಸಡಿಲವಾದ ಹುಡುಗ ಅದನ್ನು ಯಾರ ಹತ್ತಿರ ಹೇಳಿಕೊಳ್ಳುತ್ತಾನೆ? ಹದಿನೆಂಟು-ಇಪ್ಪತ್ತರ ವಯಸ್ಸಿನಲ್ಲಿ ಸಂಶಯ ಬರುವುದು ಸಹಜ. ಕ್ಯಾಂಪಸ್ಸಿನ ಪಾದ್ರಿಯ (ಚಾಪ್ಲಿನ್) ಹೆಸರನ್ನೋ, ಒಬ್ಬ ಮೇಷ್ಟ್ರ ಹೆಸರನ್ನೋ ಹುಡುಗರು ತಟ್ಟನೆ ಹೇಳಿದರೆ ಅದು ಒಳ್ಳೆಯ ಗುರುತು. 'ಇಲ್ಲಿ ಅಂಥದ್ದೆಲ್ಲ ಇಲ್ಲ' ಅಂದರೆ ನಾನು ಹುಷಾರಾಗುತ್ತೇನೆ. ನಮ್ಮ ಮಕ್ಕಳ ವಿಷಯದಲ್ಲಿ ಇನ್ನೂ ಒಂದಿದೆ. ಬಿಳಿಯರೇ ಜಾಸ್ತಿ ಇರುವ ಕ್ಯಾಂಪಸ್ಸಿನಲ್ಲಿ ಭಾರತೀಯ ಮುಖದ ಹುಡುಗನನ್ನು 'ನೀನು ಯಾವಾಗ ಕ್ರೈಸ್ತನಾದೆ?' ಅಂತ ಕೇಳುವವರು ಸಿಗಬಹುದು. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ, ವೀಟನ್ ಶುರುವಾದದ್ದು 1860ರಲ್ಲಿ ಅಂತ ಮಗನಿಗೆ ಹೇಳಿಕೊಟ್ಟಿರಿ! ಅಲ್ಲಿನ ಏಷ್ಯನ್ ವಿದ್ಯಾರ್ಥಿಗಳನ್ನೂ ಮಾತಾಡಿಸಿ.

ವಿದ್ಯಾರ್ಥಿಗಳ ಪತ್ರಿಕೆ ತಪ್ಪದೆ ಓದಿ. ವೀಟನ್‌ನಲ್ಲಿ 'ರೆಕಾರ್ಡ್', ಕ್ಯಾಲ್ವಿನ್‌ನಲ್ಲಿ 'ಚೈಮ್ಸ್'. ಒಂದು ವರ್ಷದ ಸಂಚಿಕೆ ತಿರುವಿದರೆ ಯಾವ ವಿಷಯಕ್ಕೆ ಜಗಳ, ಆಡಳಿತ ಏನು ಉತ್ತರ ಕೊಟ್ಟಿದೆ ಎಲ್ಲ ಸಿಗುತ್ತದೆ. ಜಗಳ ಇರುವುದೇ ಕೆಟ್ಟದ್ದು ಅಂದುಕೊಳ್ಳಬೇಡಿ.

ಹಾಸ್ಟೆಲ್‌ನಲ್ಲಿ ಒಂದು ರಾತ್ರಿ ಉಳಿಯಲು ಬಿಡುತ್ತಾರಾ ಅಂತ ಪ್ರವೇಶ ವಿಭಾಗದವರನ್ನು ಕೇಳಿ. ಬಿಟ್ಟರೆ ಮಗನನ್ನು ಒಬ್ಬನೇ ಕಳಿಸಿ, ಸುಮ್ನೆ ನೀವೂ ಜೊತೆಗೆ ಹೋಗಬೇಡಿ. ಸೀಟು ಸಿಕ್ಕವರಿಗೆ ಏಪ್ರಿಲ್‌ನಲ್ಲಿ ಇಡುವ ಸ್ವಾಗತದ ದಿನಗಳಿಗೆ ಕಾಯುವುದೂ ಬೇಡ, ಅವತ್ತು ಎಲ್ಲ ಕಾಲೇಜೂ ಸಿಂಗರಿಸಿಕೊಂಡಿರುತ್ತದೆ. ಹೆಚ್ಚಿನ ಕಡೆ ಮೇ 1ರೊಳಗೆ ಸೀಟು ಖಚಿತಪಡಿಸುವ ಡಿಪಾಸಿಟ್ ಕಟ್ಟಬೇಕು. ಫೆಬ್ರವರಿಯ ಯಾವುದಾದರೂ ಮಾಮೂಲಿ ವಾರದಲ್ಲಿ ಹೋದರೆ ಎರಡೂ ಕಡೆ ನೋಡಿ ಬರಲು ಸಮಯ ಸಿಗುತ್ತದೆ.